ಮೆಕ್ಕೆಜೋಳದ ನಡುವೆ ಬಸ್ಸಿನ ಹಾರ್ನ್

ಶನಿವಾರ ಬೆಳಿಗ್ಗೆ ನಾವು ಜರ್ಮನಿಯ ಆಖೆನ್ ಬಿಟ್ಟು ಐಫೆಲ್ ಬೆಟ್ಟಗಳ ಕಡೆಗೆ ಹೊರಟಾಗ, ನಮ್ಮ ಬಾಡಿಗೆ ವ್ಯಾನಿನ ಹಿಂದೆ ಟ್ರೇಲರಿನ ಮೇಲೆ ಒಂದು ಕಾರು ಬರುತ್ತಿತ್ತು. ಅದಕ್ಕೆ ಗಾಜುಗಳಿರಲಿಲ್ಲ, ದೀಪಗಳಿರಲಿಲ್ಲ, ಬಾಗಿಲುಗಳನ್ನು ಬೆಸುಗೆ ಹಾಕಿ ಶಾಶ್ವತವಾಗಿ ಮುಚ್ಚಲಾಗಿತ್ತು. ಹಲ್ಲುಸೆಟ್ಟನ್ನು ಮನೆಯಲ್ಲಿ ಮರೆತು ಬಂದ ಮುದುಕನಂತೆ ಅದು ಬಾಯಿ ತೆರೆದುಕೊಂಡು ಸೆಪ್ಟೆಂಬರಿನ ಗಾಳಿಯನ್ನು ನುಂಗುತ್ತ, ಪ್ರತಿ ತಿರುವಿಗೂ ತಲೆಯಾಡಿಸುತ್ತ ನಮ್ಮನ್ನು ಹಿಂಬಾಲಿಸುತ್ತಿತ್ತು.

"ಇದರ ಒಳಗೆ ಹೋಗುವುದು ಎಲ್ಲಿಂದ?" ನನ್ನ ಹೆಂಡತಿ ಗ್ರೇಸ್ ಮತ್ತೊಮ್ಮೆ ಹಿಂತಿರುಗಿ ನೋಡಿ ಕೇಳಿದಳು.

"ಕಿಟಕಿಯಿಂದ, ಅಮ್ಮ," ಎಂದಳು ವ್ಯಾನು ನಡೆಸುತ್ತಿದ್ದ ಮಗಳು ಶರ್ಲಿ.

"ಹೌದಾ. ನಿನ್ನನ್ನು ನೋಡ್ಲಿಕ್ಕೆ ಬರುವ ಹುಡುಗನ ಎದುರು ಕೂಡ ಹಾಗೇ ಕಿಟಕಿಯಿಂದ ಇಳಿ. ಅವನಿಗೂ ಗೊತ್ತಾಗ್ಲಿ, ಎಂಥ ಮನೆಗೆ ಬಂದಿದ್ದೇನೆ ಅಂತ."

ಹಿಂದಿನ ಸೀಟಿನಲ್ಲಿದ್ದ ಯಶವಂತ್ ನಕ್ಕ. ಮೈಸೂರಿನವನು, ಆಖೆನ್ನಿನಲ್ಲಿ ವಾಹನಗಳ ತಂತ್ರಶಾಸ್ತ್ರ ಓದುತ್ತ, ವಾರಾಂತ್ಯಗಳಲ್ಲಿ ಶರ್ಲಿಯ ಕಾರಿಗೆ ವೈದ್ಯನಾಗಿದ್ದ. "ಬಾಗ್ಲಿಂದ ಬರೋ ಹುಡುಗ್ರು ಎಲ್ರಿಗೂ ಸಿಗ್ತಾರೆ ಆಂಟಿ," ಎಂದ. "ಕಿಟಕೀಲಿ ಬರೋನು ಸಿಗ್ಬೇಕು ಅಂದ್ರೆ ಅದೃಷ್ಟ ಇರ್ಬೇಕು."

ನಾವಿಬ್ಬರೂ ಮಂಗಳೂರಿನಿಂದ ಮಗಳ ಮನೆಗೆ ಬಂದು ಆಗಲೇ ಕೆಲವು ವಾರಗಳಾಗಿದ್ದವು. ಸಂಶೋಧನಾ ಸಂಸ್ಥೆಯೊಂದರಲ್ಲಿ ಎಂಜಿನಿಯರಾಗಿರುವ, ಭಾನುವಾರ ಚರ್ಚಿನಲ್ಲಿ ಆಲ್ಟೊ ಸ್ವರದಲ್ಲಿ ಹಾಡುವ, ಸಂಯಮದ ಮಾತಿನ ನಮ್ಮ ಶರ್ಲಿಗೆ ಸ್ಟಾಕ್ ಕಾರ್ ಓಟದ ಹುಚ್ಚು ಹಿಡಿದಿದೆಯೆಂಬುದು ಇಲ್ಲಿಗೆ ಬಂದ ಮೇಲಷ್ಟೇ ನಮಗೆ ತಿಳಿದದ್ದು. ಗುಜರಿಗೆ ಸೇರಬೇಕಾದ ಕಾರುಗಳನ್ನು ಗಟ್ಟಿಗೊಳಿಸಿ, ಅಂಡಾಕಾರದ ಮಣ್ಣಿನ ಪಥದಲ್ಲಿ ಸುತ್ತಿಸುವ ಆಟ ಅದು. ಒಬ್ಬರ ಕಾರಿಗೆ ಇನ್ನೊಬ್ಬರು ಗುದ್ದುವುದು ಅಲ್ಲಿ ಅಪರಾಧವಲ್ಲ, ವಾಡಿಕೆ.

ಆ ಹಳ್ಳಿಯ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ವಾರಾಂತ್ಯದ ಅಂತಿಮ ಓಟವನ್ನು ಮೊದಲ ಬಾರಿಗೆ ಪೂರ್ತಿಗೊಳಿಸಿದವರ ಕಾರಿನ ನೆತ್ತಿಯ ಮೇಲಿನ ನಂಬರಿನ ಹಲಗೆಯನ್ನು ಬಿಚ್ಚಿ, ಪಥದ ಪಕ್ಕದ ಹಳೆಯ ಕಣಜದ ಗೋಡೆಗೆ ಮೊಳೆ ಹೊಡೆಯುತ್ತಾರೆ. ಗೆಲ್ಲಬೇಕಾಗಿಲ್ಲ, ಕೊನೆಯ ಗೆರೆ ದಾಟಿದರೆ ಸಾಕು. ಶರ್ಲಿ ಈ ಬೇಸಿಗೆಯಲ್ಲಿ ಇಳಿದ ಒಂದು ಅಂತಿಮ ಓಟವನ್ನೂ ಮುಗಿಸಿರಲಿಲ್ಲ. ಇದು ಋತುವಿನ ಕೊನೆಯ ವಾರಾಂತ್ಯ. ಅಕ್ಟೋಬರಿಗೆ ಅವಳು ಹೊಸ ಕೆಲಸಕ್ಕೆಂದು ದೂರದ ಗಾರ್ಕಿಂಗ್ ಪಟ್ಟಣಕ್ಕೆ ಹೋಗಬೇಕು, ಕಾರು ಗುಜರಿಗೆ. ಕಾಲೇಜಿಗೆ ಹೋಗುತ್ತಿದ್ದ ಬಸ್ಸಿನ ನಂಬರನ್ನೇ ಅವಳು ಕಾರಿಗೂ ಬರೆದಿದ್ದಳು: ಹದಿನೈದು. ಆ ಹದಿನೈದು ಕಣಜದ ಗೋಡೆಯಲ್ಲಿ ಉಳಿಯಬೇಕೆಂಬುದು ಅವಳ ಆಸೆ. ಬೇರೇನನ್ನೂ ಅವಳು ಈ ದೇಶದಲ್ಲಿ ಅಷ್ಟು ಆಸೆಯಿಂದ ಕೇಳಿದ್ದು ನನಗೆ ಗೊತ್ತಿಲ್ಲ.

"ಯಾಕೆ ಮುಗಿಸ್ಲಿಕ್ಕೆ ಆಗುವುದಿಲ್ಲ ಇವಳಿಗೆ?" ಎಂದು ಗ್ರೇಸ್ ವಾರದ ಹಿಂದೆ ಊಟದ ಮೇಜಿನಲ್ಲಿ ಕೇಳಿದ್ದಳು.

"ಅಕ್ಕ ಚೆನ್ನಾಗೇ ಓಡಿಸ್ತಾರೆ ಆಂಟಿ," ಎಂದ ಯಶವಂತ್. "ಆದ್ರೆ ಯಾರ್ಗೂ ಗುದ್ದಲ್ಲ. ಮುಂದಿರೋರು ತಾವಾಗೇ ದಾರಿ ಬಿಡ್ತಾರೆ ಅಂತ ಹಿಂದೇನೇ ಕಾಯ್ತಾರೆ. ಅಷ್ಟರಲ್ಲಿ ಹಿಂದಿನವ್ರು ಬಂದು ಇವರ್ನ ಅಂಚಲ್ಲಿ ಪೇರಿಸಿರೋ ಟೈರ್ ಗೋಡೆಗೆ ತಳ್ತಾರೆ."

"ಬೇರೆಯವರ ಗಾಡಿಗೆ ತಾಗಿಸುವುದು ಹೇಗೆ?" ಎಂದಳು ಶರ್ಲಿ, ತಟ್ಟೆಯತ್ತ ನೋಡುತ್ತ. "ಕೈ ಬರುವುದಿಲ್ಲ ನನಗೆ."

ಅದು ನನಗೆ ಅರ್ಥವಾಗುವ ಮಾತಾಗಿತ್ತು. ನಮ್ಮ ಊರಿನ ಇಕ್ಕಟ್ಟು ರಸ್ತೆಗಳಲ್ಲಿ ಕಾರು ಕಲಿತವಳು ಅವಳು. ಅಲ್ಲಿ ಒಂದು ಗಾಡಿ ಇನ್ನೊಂದಕ್ಕೆ ಉಗುರಿನಷ್ಟು ತಾಗಿದರೂ ಇಬ್ಬರು ಇಳಿಯುತ್ತಾರೆ, ಇಪ್ಪತ್ತು ಜನ ಸೇರುತ್ತಾರೆ, ಮಧ್ಯಾಹ್ನ ಮುಗಿಯುತ್ತದೆ.

ಗ್ರೇಸ್ ಕೇಳಿದಳು: "ಹಾರ್ನ್ ಹಾಕ್ಲಿಕ್ಕೆ ಎಂತ ನಿನಗೆ?"

ಯಶವಂತ್ ಓಟದ ನಿಯಮಗಳನ್ನು ಫೋನಿನಲ್ಲಿ ತೆರೆದು ಓದಿದ. ಗಾಜು ಕೂಡದು, ದೀಪ ಕೂಡದು, ಕನ್ನಡಿ ಕೂಡದು. ಹಾರ್ನಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಓಡುವ ಕಾರಿನಲ್ಲಿ ಹಾರ್ನ್ ಹಾಕಿ ದಾರಿ ಕೇಳುವ ಮನುಷ್ಯಜಾತಿಯೊಂದು ಭೂಮಿಯ ಮೇಲಿದೆಯೆಂದು ಆ ನಿಯಮ ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಹಾಗೆ ಗುಜರಿ ಅಂಗಡಿಯಿಂದ ಒಂದು ಹಳೆಯ ಲಾರಿಯ ಗಾಳಿಹಾರ್ನ್ ಬಂತು, ಎರಡು ಕೊಳವೆಗಳದ್ದು. ಯಶವಂತ್ ಅದನ್ನು ತಿದ್ದಿ, ತೀಡಿ, ಸಂಜೆಗಳನ್ನು ಸವೆಸಿ, ಗ್ರೇಸ್ ತಲೆದೂಗುವವರೆಗೆ ಅದರ ಸ್ವರ ಹೊಂದಿಸಿದ. "ಈಗ ಬಂತು ನೋಡಿ," ಎಂದಳು ಅವಳು. "ನಮ್ಮ ಊರಿನ ಜ್ಯೋತಿ ಸರ್ಕಲ್ ಹತ್ತಿರ ಎರಡು ಬಸ್ಸು ಒಟ್ಟಿಗೆ ಬಂದ ಹಾಗೆ."

* * *

ಪಥವು ಮೆಕ್ಕೆಜೋಳದ ಹೊಲಗಳ ನಡುವೆ ಇತ್ತು. ಆಳೆತ್ತರ ಬೆಳೆದು ಒಣಗತೊಡಗಿದ್ದ ಗರಿಗಳು ಗಾಳಿಗೆ ಕಾಗದದ ಹಾಗೆ ಸದ್ದು ಮಾಡುತ್ತಿದ್ದವು. ಟ್ರ್ಯಾಕ್ಟರಿಗೆ ಕಟ್ಟಿದ ಭಾರಿ ಟ್ಯಾಂಕಿನಿಂದ ಒಬ್ಬ ರೈತ ಪಥಕ್ಕೆ ನೀರು ಚಿಮುಕಿಸುತ್ತಿದ್ದ. ವರ್ಷದ ಉಳಿದ ದಿನಗಳಲ್ಲಿ ಆ ಟ್ಯಾಂಕಿನ ಉದ್ಯೋಗವೇನೆಂದು ನಾನು ಕೇಳಿದೆ. ಕೇಳಬಾರದಿತ್ತು.

"ಸಗಣಿ ನೀರು ಅಂಕಲ್," ಎಂದ ಯಶವಂತ್. "ಆದ್ರೆ ತೊಳ್ದಿದಾರಂತೆ."

ನೀರು ಬಿದ್ದ ಜೇಡಿಮಣ್ಣಿನಿಂದ ಎದ್ದ ವಾಸನೆ ಮಾತ್ರ ನನ್ನನ್ನು ಒಂದು ಗಳಿಗೆ ಹಿಡಿದು ನಿಲ್ಲಿಸಿತು. ನಾನು ಹುಟ್ಟಿ ಬೆಳೆದದ್ದು ನದಿಯ ದಂಡೆಯ ಹಂಚಿನ ಕಾರ್ಖಾನೆಯ ಬೇಲಿಯಾಚೆ. ನನ್ನ ಬಾಲ್ಯಕ್ಕೆ ಒಂದು ವಾಸನೆಯಿದ್ದರೆ ಅದು ಇದೇ, ಅಚ್ಚಿಗೆ ಬೀಳುವ ಮೊದಲಿನ ಹಸಿ ಜೇಡಿಯದು. ಆ ಕಾರ್ಖಾನೆ ಈಗಿಲ್ಲ. ಅದರ ವಾಸನೆ ಇಷ್ಟು ದೂರ ಬಂದು, ಗುರುತು ಹೇಳದೆ, ಈ ಹೊಲದಲ್ಲಿ ಬದುಕುತ್ತಿತ್ತು.

ಕ್ಲಬ್ಬಿನ ಮುಖ್ಯಸ್ಥರು ಕ್ಯೂಪರ್ಸ್ ಎಂಬ ಹಿರಿಯರು. ಎಣ್ಣೆಯ ಕಲೆಗಳ ಕೋಟು, ಬಿಳಿಯ ಮೀಸೆ. ಪ್ರತಿ ಕಾರಿನ ಬೆಸುಗೆಯನ್ನು ಬಡಿದು, ಬೆಲ್ಟನ್ನು ಜಗ್ಗಿ, ಬ್ಯಾಟರಿಯನ್ನು ಅಲ್ಲಾಡಿಸಿ ಪರೀಕ್ಷಿಸುತ್ತಿದ್ದರು. ಹದಿನೈದರ ಬಾನೆಟ್ಟಿನ ಕೆಳಗೆ ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ.

"ಇದು ಏನು?" ಎಂದು ಜರ್ಮನ್ನಿನಲ್ಲಿ ಕೇಳಿದರು. ಅವರ ಮಾತನ್ನೆಲ್ಲ ಯಶವಂತ್ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ.

"ಹಾರ್ನ್," ಎಂದಳು ಶರ್ಲಿ.

"ಯಾತಕ್ಕೆ?"

"ನಾನು ಬರುತ್ತಿದ್ದೇನೆಂದು ತಿಳಿಸಲು."

ಕ್ಯೂಪರ್ಸ್ ಮೀಸೆಯನ್ನು ಒಂದು ಬದಿಗೆ ತಿರುವಿ ನಕ್ಕರು. ನಿಯಮದಲ್ಲಿ ಬೇಡವೆಂದಿಲ್ಲ ಎಂದು ಹೇಳಿ, ಕಾರಿನ ಮೇಲೆ ಸೀಮೆಸುಣ್ಣದಿಂದ ಒಪ್ಪಿಗೆಯ ಗುರುತು ಹಾಕಿ ಮುಂದೆ ಹೋದರು.

ಮಧ್ಯಾಹ್ನ ಹೆಂಗಸರ ಅರ್ಹತಾ ಓಟ. ಮರುದಿನದ ಅಂತಿಮದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. ನಾವು ಹುಲ್ಲಿನ ಏರಿಯ ಮೇಲೆ ಕುಳಿತೆವು. ಹಸಿರು ಬಾವುಟ ಬೀಸಿದರು. ಕಾರುಗಳು ಕೆಸರನ್ನು ಆಕಾಶಕ್ಕೆಸೆಯುತ್ತ ಹೊರಟವು. ಎಲ್ಲಿಗೂ ತಲುಪಿಸದ ರಸ್ತೆಯೊಂದರಲ್ಲಿ ಮನುಷ್ಯರು ಇಷ್ಟು ಅವಸರ ಮಾಡುವುದನ್ನು ನಾನು ಮೊದಲ ಸಲ ನೋಡಿದ್ದು. ನೋಡುತ್ತ ನೋಡುತ್ತ, ಎಲ್ಲಿಗೋ ತಲುಪಿಸುವ ರಸ್ತೆಗಳಲ್ಲಿ ನಾವು ಮಾಡಿದ ಅವಸರಕ್ಕಿಂತ ಇದು ಹೆಚ್ಚು ಪ್ರಾಮಾಣಿಕವೆಂದೂ ಅನ್ನಿಸಿತು.

ಮುಂದೆ ಒಂದು ಗುಲಾಬಿ ಬಣ್ಣದ ಕಾರು. ಅದರ ಚಾಲಕಿ ಹೈಕೆ, ಹಳ್ಳಿಯ ಬೇಕರಿಯವಳು. ಶರ್ಲಿಯನ್ನು ಟೈರ್ ಗೋಡೆಗೆ ಅತಿ ಹೆಚ್ಚು ಸಲ ಪರಿಚಯಿಸಿದವಳೂ ಅವಳೇ. ಶರ್ಲಿ ಎಂದಿನಂತೆ ಎಲ್ಲರ ಹಿಂದೆ ಸಭ್ಯ ಅಂತರದಲ್ಲಿ ಸುತ್ತುತ್ತಿದ್ದಳು. ಎರಡನೆಯ ತಿರುವಿನಲ್ಲಿ ಅವಳು ಹಾರ್ನ್ ಒತ್ತಿದಳು.

ಆ ನಾದವನ್ನು ನಾನು ಹೇಗೆ ವರ್ಣಿಸಲಿ. ಮೆಕ್ಕೆಜೋಳದಿಂದ ಹಕ್ಕಿಗಳ ಒಂದು ಹಿಂಡೇ ಎದ್ದಿತು. ಏರಿಯ ಮೇಲಿದ್ದವರು ಬಿಯರಿನ ಲೋಟಗಳನ್ನು ಎದೆಗವಚಿಕೊಂಡರು. ಮತ್ತು ಪಥದಲ್ಲಿ, ನಮ್ಮ ಕಣ್ಣೆದುರಿಗೇ, ಬೈಬಲಿನ ಕತೆಯ ಕೆಂಪು ಸಮುದ್ರದಂತೆ ದಾರಿ ತೆರೆಯಿತು. ಒಂದೊಂದೇ ಕಾರು ನಿಧಾನಿಸಿ, ಅಂಚಿಗೆ ಸರಿದು ನಿಂತುಬಿಟ್ಟಿತು. ಗುಲಾಬಿ ಕಾರು ಸಹ. ಶರ್ಲಿ ಎಲ್ಲರ ನಡುವಿನಿಂದ, ಕೃತಜ್ಞತೆಗೆ ಕೈಯನ್ನೂ ಎತ್ತಿ, ಪೋಂ ಪೋಂ ಎನ್ನುತ್ತ ಮುಂದೆ ಹೋದಳು. ಇನ್ನೊಂದು ಸುತ್ತು ಬಂದಳು. ಮತ್ತೊಂದು.

"ನೋಡಿದ್ರಾ?" ಎಂದಳು ಗ್ರೇಸ್ ನನ್ನ ಮೊಣಕೈ ತಿವಿದು. "ಕೇಳಿದ್ರೆ ಕೊಡ್ತಾರೆ. ಒಳ್ಳೆಯ ಜನ. ನಮ್ಮಲ್ಲಿ ಆಟೋದವನು ಇಷ್ಟು ಬೇಗ ಬಿಡ್ತಿದ್ನಾ?"

ಯಶವಂತ್ ಎದ್ದು ನಿಂತಿದ್ದ. "ಆಂಟಿ, ಏನೋ ಎಡವಟ್ಟಾಗಿದೆ," ಎಂದ.

ಆಗಿತ್ತು. ಓಟದಲ್ಲಿ ಅಪಾಯವಾದರೆ ಮೇಲ್ವಿಚಾರಕರ ಬಂಡಿಯಿಂದ ಒಂದು ಸೈರನ್ ಕೂಗುತ್ತದೆ. ಕೂಗಿದೊಡನೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಹೆಲ್ಮೆಟ್ಟಿನೊಳಗಿನ ಕಿವಿಗಳಿಗೆ ನಮ್ಮ ಬಸ್ಸಿನ ಹಾರ್ನ್ ಆ ಸೈರನ್ನಿನ ಅಣ್ಣನಂತೆ ಕೇಳಿಸಿತ್ತು. ನಿಂತವರು ಸೌಜನ್ಯಕ್ಕಾಗಿ ನಿಂತಿರಲಿಲ್ಲ. ಯಾರೋ ಗಾಯಗೊಂಡಿದ್ದಾರೆಂದು ನಿಂತಿದ್ದರು.

* * *

ಬಂಡಿಯ ಮುಂದೆ ವಿಚಾರಣೆ ನಡೆಯಿತು. ಶರ್ಲಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ಕೆಸರು ಮೆತ್ತಿದ ಮುಖದಲ್ಲಿ ಕಣ್ಣುಗಳನ್ನು ಮಾತ್ರ ಬಿಳಿಯಾಗಿ ಉಳಿಸಿಕೊಂಡು ನಿಂತಿದ್ದಳು. ಕ್ಷಮೆ ಕೇಳಿದಳು. ಕ್ಯೂಪರ್ಸ್ ಈಗ ನಗುತ್ತಿರಲಿಲ್ಲ. ಸುಳ್ಳು ಸಂಕೇತ ಕೊಡುವುದು ಈ ಆಟದಲ್ಲಿ ತಮಾಷೆಯಲ್ಲ, ನಾಳೆ ನಿಜವಾದ ಸೈರನ್ ಕೂಗಿದಾಗ ಯಾರಾದರೂ ಅನುಮಾನಿಸಿದರೆ ಏನು ಗತಿ ಎಂದರು. ಅದು ನ್ಯಾಯವಾದ ಮಾತು. ಹಾರ್ನನ್ನು ಬಿಚ್ಚಿ ಒಪ್ಪಿಸಬೇಕು. ನಾಳೆಯ ಅಂತಿಮದಲ್ಲಿ ಅವಳಿಗೆ ಜಾಗ ಕೊಡುವುದು ಬಿಡುವುದು ಉಳಿದ ಚಾಲಕಿಯರ ಇಷ್ಟ. ಅವರ ಪರವಾಗಿ ಹೈಕೆ ಹೇಳಿದಂತೆ ಆಗಲಿ ಎಂದರು.

"ತಪ್ಪೆಂತ ಇದರಲ್ಲಿ?" ಗ್ರೇಸ್ ಮುಂದೆ ಬಂದಳು. "ಹೇಳು ಅವರಿಗೆ. ಹಿಂದಿನಿಂದ ಬಂದು ಗುದ್ದುವುದು ಮರ್ಯಾದೆಯಂತೆ, ಕೇಳಿ ಹೋಗುವುದು ಅಪರಾಧವಂತೆ. ಇದು ಯಾವ ಊರಿನ ನ್ಯಾಯ?"

ಯಶವಂತ್ ಬಹಳ ಸಣ್ಣದೊಂದು ವಾಕ್ಯವನ್ನು ಜರ್ಮನ್ನಿನಲ್ಲಿ ಹೇಳಿದ. ಕ್ಯೂಪರ್ಸ್ ಗ್ರೇಸಳಿಗೆ ತಲೆಬಾಗಿ ವಂದಿಸಿದರು.

"ಎಂತ ಹೇಳಿದೆ ನೀನು?"

"ನೀವು ಹೇಳಿದ್ದನ್ನೇ ಆಂಟಿ. ಸ್ವಲ್ಪ ಸಕ್ಕರೆ ಹಾಕ್ದೆ."

ಸಂಜೆ ನಾವು ಕಣಜದ ಪಕ್ಕದ ಬೆಂಚಿನಲ್ಲಿ ಕುಳಿತಿದ್ದೆವು. ಗೋಡೆಯ ತುಂಬ ನಂಬರಿನ ಹಲಗೆಗಳು: ಸೊಟ್ಟಗಾದವು, ಸುಟ್ಟವು, ಮಳೆಗೆ ಬಣ್ಣ ಕಳೆದುಕೊಂಡವು. ಕೆಳಗೆ ಯಾರ ಹೆಸರೂ ಇರಲಿಲ್ಲ. ಒಬ್ಬ ತಂದೆ ತನ್ನ ಮಗುವನ್ನು ಎತ್ತಿ ಹಿಡಿದು ಮೇಲಿನ ಸಾಲಿನ ಒಂದು ಹಲಗೆಯನ್ನು ಮುಟ್ಟಿಸುತ್ತಿದ್ದ. ಶರ್ಲಿ ಅದನ್ನೇ ನೋಡುತ್ತಿದ್ದಳು.

"ಹೋಗ್ಲಿ ಬಿಡಿ ಪಪ್ಪ," ಎಂದಳು, ನಾನು ಏನನ್ನೂ ಕೇಳದಿದ್ದರೂ. "ಗಾರ್ಕಿಂಗಿನ ಹತ್ತಿರ ಕೂಡ ಎಲ್ಲಾದ್ರೂ ಇಂಥದ್ದು ಇರ್ತದೆ."

"ಇರಬಹುದು," ಎಂದೆ. ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಾರುಗಳ ಓಟ ಇರಬಹುದು. ಈ ಗೋಡೆ ಇರುವುದಿಲ್ಲ.

ಆಗ ಹೈಕೆ ಬಂದಳು. ಎತ್ತರದ, ದುಂಡು ತೋಳುಗಳ ಹೆಂಗಸು. ಒಂದು ಕೈಯಲ್ಲಿ ಬ್ರೆಡ್ಡಿನ ಬುಟ್ಟಿ. ನಮ್ಮೆದುರು ಕುಳಿತು ಬುಟ್ಟಿಯನ್ನು ಮೇಜಿನ ನಡುವೆ ಇಟ್ಟಳು. ಗ್ರೇಸ್ ಮನೆಯಿಂದ ತಂದಿದ್ದ ಕೋಳಿ ಸುಕ್ಕದ ಡಬ್ಬಿ ತೆರೆದು ಅದರ ಪಕ್ಕಕ್ಕಿಟ್ಟಳು. ಹೈಕೆ ಒಂದು ತುಂಡು ಬ್ರೆಡ್ಡಿನಲ್ಲಿ ಸುಕ್ಕ ತೆಗೆದುಕೊಂಡು ತಿಂದಳು. ಕಣ್ಣಲ್ಲಿ ನೀರು ಬಂತು. ಇನ್ನೊಂದು ತುಂಡು ತೆಗೆದುಕೊಂಡಳು. ಮಾತುಕತೆ ಹಾಗೆ ಶುರುವಾಯಿತು.

"ನಿನ್ನ ಮೇಲೆ ನನಗೆ ಕೋಪವಿದೆ," ಎಂದು ಅವಳು ಶರ್ಲಿಗೆ ಹೇಳಿದಳು. "ಆದರೆ ಹಾರ್ನಿಗಾಗಿ ಅಲ್ಲ."

"ಮತ್ತೆ?"

"ಬೇಸಿಗೆಯೆಲ್ಲ ನನ್ನ ಹಿಂದೆ ಬಂದೆ. ಒಂದು ಸಲವೂ ಮುಟ್ಟಲಿಲ್ಲ. ನಮ್ಮ ಕಾರಿನಲ್ಲಿ ಕನ್ನಡಿಯಿಲ್ಲ, ನೀನು ಇರುವುದು ನನಗೆ ಹೇಗೆ ಗೊತ್ತಾಗಬೇಕು? ಮೊದಲು ಹೆದರಿಕೆಯವಳು ಅಂದುಕೊಂಡೆ. ಆಮೇಲೆ ಜಂಬದವಳು ಅಂದುಕೊಂಡೆ. ನಮ್ಮ ಕಾರಿಗೆ ತಾಗಿದರೆ ತನ್ನ ಕಾರು ಕೊಳೆಯಾಗುತ್ತದೆಂಬ ಜಂಬ."

ಶರ್ಲಿ ತನ್ನ ಕೆಸರಿನ ಮುಂಗೈಗಳನ್ನು ನೋಡಿಕೊಂಡಳು. "ತಾಗಿಸಿದರೆ ನಿನಗೆ ಅವಮಾನವಾಗುತ್ತದೆ ಅಂತ ನಾನು ತಿಳಿದದ್ದು," ಎಂದಳು.

ಹೈಕೆ ಅವಳನ್ನು ತಿಳಿಯದ ಭಾಷೆಯ ಬೋರ್ಡನ್ನು ನೋಡುವಂತೆ ನೋಡಿದಳು. ಆಮೇಲೆ ಎದ್ದಳು. "ನಾಳೆ ಬೆಳಿಗ್ಗೆ ನನ್ನ ಕಾರಿಗೆ ಗುದ್ದಿ ತೋರಿಸು. ಗುದ್ದಿದರೆ ಅಂತಿಮಕ್ಕೆ ಬಾ. ಕೊನೆಯ ಜಾಗದಿಂದ." ಹೋಗುವಾಗ ಡಬ್ಬಿಯನ್ನೂ ತೆಗೆದುಕೊಂಡು ಹೋದಳು.

"ಡಬ್ಬಿ ವಾಪಸು ಕೊಡ್ತಾಳಾ ಅವಳು?" ಎಂದು ಗ್ರೇಸ್ ಕೇಳಿದಳು.

* * *

ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಹೊಲದಿಂದ ಏಳುತ್ತಿತ್ತು. ಹಳ್ಳಿಯ ಚರ್ಚಿನ ಗಂಟೆ ಬಾರಿಸುವಾಗ ನಮ್ಮ ಮಗಳು ಕತ್ತರಿಸಿದ ಹುಲ್ಲಿನ ಬಯಲಿನಲ್ಲಿ ಒಂದು ಗುಲಾಬಿ ಕಾರಿಗೆ ಗುದ್ದಲು ಪ್ರಯತ್ನಿಸುತ್ತಿದ್ದಳು.

ಗುಲಾಬಿ ಕಾರು ನಿಧಾನವಾಗಿ ಮುಂದೆ ಹೋಗುವುದು. ಹದಿನೈದು ಹಿಂದಿನಿಂದ ಬರುವುದು. ಹತ್ತಿರ, ಇನ್ನೂ ಹತ್ತಿರ, ಒಂದು ಬೆರಳಿನ ಅಂತರಕ್ಕೆ. ಅಲ್ಲಿ ಬ್ರೇಕ್. ಮತ್ತೆ ಮೊದಲಿನಿಂದ, ಮತ್ತೆ ಬ್ರೇಕ್. ಒಮ್ಮೆ ಕೊಂಚ ತಾಗಿದಂತಾಯಿತು. ಶರ್ಲಿ ತಕ್ಷಣ ಕಿಟಕಿಯಿಂದ ತಲೆ ಹೊರಹಾಕಿ ಜರ್ಮನ್ನಿನಲ್ಲಿ ಕ್ಷಮೆ ಕೇಳಿದಳು. ಹೈಕೆ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು.

"ಅಕ್ಕ, ಯೋಚ್ನೆ ಮಾಡ್ಬೇಡಿ," ಯಶವಂತ್ ಕೂಗಿದ. "ಟ್ರಾಲಿ ಅನ್ಕೊಳ್ಳಿ. ಸೂಪರ್‌ಮಾರ್ಕೆಟ್ ಟ್ರಾಲಿ."

"ಟ್ರಾಲಿಯನ್ನೂ ನಾನು ಯಾರಿಗೂ ತಾಗಿಸುವುದಿಲ್ಲ, ಮಾರಾಯ."

ಅದು ನಿಜ. ಅವಳನ್ನು ಬೆಳೆಸಿದವರು ನಾವೇ.

ಗ್ರೇಸ್ ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇಬ್ಬನಿಯ ಹುಲ್ಲಿನಲ್ಲಿ ನಡೆದುಹೋಗಿ ಹದಿನೈದರ ಕಿಟಕಿಗೆ ಬಗ್ಗಿದಳು. ಹತ್ತಿರದಲ್ಲಿದ್ದ ನನಗೆ ಆ ಮಾತು ಕೇಳಿಸಿತು.

"ಶರ್ಲಿ, ಕಾಲೇಜಿಗೆ ಹೋಗುವಾಗ ಹದಿನೈದನೇ ನಂಬರ್ ಬಸ್ಸಿನಲ್ಲಿ ನಿನಗೆ ನಿಲ್ಲಲಿಕ್ಕೆ ಜಾಗ ಇತ್ತಾ?"

"ಇರ್ಲಿಲ್ಲ."

"ಕಂಡಕ್ಟರ್ ಎಂತ ಮಾಡ್ತಿದ್ದ?"

ಶರ್ಲಿ ಹೆಲ್ಮೆಟ್ಟಿನೊಳಗೆ ಸ್ವಲ್ಪ ನಕ್ಕಳು. "ಟಿಕೆಟ್ ಬುಕ್ಕಿನಿಂದ ಬೆನ್ನಿಗೆ ತಟ್ಟುವುದು. ಎದುರು ಹೋಗಿ ಅಕ್ಕ, ಎದುರು ಹೋಗಿ, ಮುಂದೆ ಜಾಗ ಉಂಟು ಅಂತ."

"ಅವಮಾನ ಆಯ್ತಾ ನಿನಗೆ?"

"ಇಲ್ಲ."

"ಎಂತ ಮಾಡಿದೆ?"

"ಎದುರು ಹೋದೆ."

"ಮತ್ತೆ? ಅಷ್ಟೇ ಇದು. ಅವಳ ಬೆನ್ನಿಗೆ ತಟ್ಟು. ಕಂಡಕ್ಟರ್ ಕ್ಷಮೆ ಕೇಳ್ಲಿಕ್ಕೆ ಇಳಿದ್ರೆ ಬಸ್ಸು ಸ್ಟೇಟ್ ಬ್ಯಾಂಕ್ ಸ್ಟಾಪಿಗೆ ಮುಟ್ಟುವುದು ಯಾವಾಗ?"

ಗ್ರೇಸ್ ಹಿಂದೆ ಸರಿದಳು. ಹದಿನೈದು ಹೊರಟಿತು. ಬೆರಳಿನ ಅಂತರಕ್ಕೆ ಬಂತು. ನಾನು ಬ್ರೇಕ್ ಒತ್ತುವ ಅಭ್ಯಾಸಬಲದಿಂದ ನನ್ನ ಬಲಗಾಲನ್ನು ಹುಲ್ಲಿಗೆ ಒತ್ತಿದೆ. ಟಪ್ ಎಂದು ಒಂದು ಸದ್ದಾಯಿತು. ಗಟ್ಟಿಯಾದ, ಪ್ರೀತಿಯ, ತಗಡಿನ ಸದ್ದು. ಗುಲಾಬಿ ಕಾರು ಒಂದು ಮೊಳ ಮುಂದೆ ಜಿಗಿಯಿತು. ಹೈಕೆಯ ಕೈ ಕಿಟಕಿಯಿಂದ ಹೊರಬಂದು ಹೆಬ್ಬೆರಳು ಎತ್ತಿತು. ಯಾರೂ ಇಳಿಯಲಿಲ್ಲ. ಜನ ಸೇರಲಿಲ್ಲ.

* * *

ಅಂತಿಮ ಓಟದ ಹೊತ್ತಿಗೆ ಬಿಸಿಲು ಬಂದಿತ್ತು. ಏರಿಯ ತುಂಬ ಜನ. ಸುಟ್ಟ ಸಾಸೇಜಿನ ಹೊಗೆ. ಮಕ್ಕಳ ಕಿವಿಗಳ ಮೇಲೆ ದೊಡ್ಡ ಕಿವಿಮುಚ್ಚುಗಳು. ಹದಿನೈದು ಕೊನೆಯ ಸಾಲಿನಲ್ಲಿ, ಒಂಟಿಯಾಗಿ, ನಂಬರಿನ ಹಲಗೆಯನ್ನು ನೆತ್ತಿಯ ಮೇಲೆ ಹೊತ್ತುಕೊಂಡು ನಿಂತಿತ್ತು.

ಬಾವುಟ ಬಿತ್ತು. ಮೊದಲ ತಿರುವಿನಲ್ಲೇ ಎರಡು ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡು ಪಥದ ಹೊರಗಾದವು. ಶರ್ಲಿ ಅವುಗಳನ್ನು ಬಳಸಿ ಬಂದಳು. ಅವಳ ಮುಂದೆ ಒಂದು ಹಸಿರು ಕಾರು ಅಗಲವಾಗಿ, ದಾರಿ ಬಿಡುವ ಇರಾದೆಯಿಲ್ಲದೆ ಸಾಗುತ್ತಿತ್ತು. ಅವಳು ಹಿಂದೆ ಬಂದಳು. ಹತ್ತಿರ ಬಂದಳು. ಅಲ್ಲಿ ಎಂದಿನಂತೆ ನಿಧಾನಿಸಿದಳು.

"ತಟ್ಟು," ಎಂದಳು ಗ್ರೇಸ್, ತನಗೆ ತಾನೇ ಎಂಬಂತೆ.

ಹದಿನೈದು ತಟ್ಟಿತು. ಹಸಿರು ಕಾರು ಬಾಲ ಕುಣಿಸಿ ಹೊರಕ್ಕೆ ಸರಿಯಿತು. ಒಳಗಿನ ದಾರಿ ತೆರೆಯಿತು. ಶರ್ಲಿ ಎದುರು ಹೋದಳು. ಯಶವಂತ್ ನನ್ನ ಹೆಗಲಿಗೆ ಜೋತುಬಿದ್ದ. "ತಟ್ಬಿಟ್ರು ಅಂಕಲ್, ತಟ್ಬಿಟ್ರು."

ಆಮೇಲೆ ನಡೆದದ್ದನ್ನೆಲ್ಲ ಕ್ರಮವಾಗಿ ಹೇಳುವುದು ಕಷ್ಟ. ನಮ್ಮ ಸಭ್ಯ ಮಗಳು ಆ ಕೆಸರಿನಲ್ಲಿ ತಟ್ಟುತ್ತ, ತಟ್ಟಿಸಿಕೊಳ್ಳುತ್ತ, ಒಂದು ಸಲ ಪೂರ್ತಿ ಗಿರಕಿ ಹೊಡೆದು ಬಂದ ದಾರಿಯನ್ನೇ ದಿಟ್ಟಿಸಿ, ಮತ್ತೆ ತಿರುಗಿ ಹೊರಟು, ಬಂಪರನ್ನು ಒಂದು ತಿರುವಿಗೂ ಬಾನೆಟ್ಟನ್ನು ಇನ್ನೊಂದಕ್ಕೂ ಕಾಣಿಕೆ ಕೊಟ್ಟಳು. ಗುಲಾಬಿ ಕಾರಿನ ಹಿಂದೆ ಬಂದಾಗ ಅವಳು ಯೋಚಿಸಲೇ ಇಲ್ಲ, ಟಪ್ ಎಂದಿತು, ಹೈಕೆ ಜಾರಿ ಟೈರ್ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಏರಿಯ ಮೇಲೆ ಇಡೀ ಹಳ್ಳಿ ಎದ್ದು ನಿಂತಿತು. ಹೈಕೆಯ ಬೇಕರಿಯಲ್ಲಿ ಬ್ರೆಡ್ ಕೊಳ್ಳುವವರೆಲ್ಲ ಅಲ್ಲಿದ್ದರು; ಎಲ್ಲರೂ ಚಪ್ಪಾಳೆ ತಟ್ಟಿದ್ದು ನಮ್ಮವಳಿಗೆ.

ಕೊನೆಯ ಸುತ್ತಿನ ಬಾವುಟ ಬೀಸಿದರು. ಅಷ್ಟರಲ್ಲಿ ಹದಿನೈದರ ಮೂಗಿನಿಂದ ಬಿಳಿಯ ಹಬೆ ಏಳತೊಡಗಿತ್ತು.

"ರೇಡಿಯೇಟರ್ ಹೋಯ್ತು," ಯಶವಂತ್ ಪಿಸುಗುಟ್ಟಿದ. "ಇನ್ನೊಂಚೂರು ಕಣೋ ಮಗಾ. ಇನ್ನೊಂಚೂರು." ಅದನ್ನು ಅವನು ಹೇಳಿದ್ದು ಕಾರಿಗೆ.

ಕಾರು ಕೇಳಿತು, ಆದರೆ ಪೂರ್ತಿ ಕೇಳಲಿಲ್ಲ. ಕೊನೆಯ ತಿರುವನ್ನು ದಾಟಿ, ನೇರದ ಹಾದಿಗೆ ಬಂದು, ಬಿಳಿ ಗೆರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಅದು ಕೆಮ್ಮಿ, ಒಮ್ಮೆ ನಡುಗಿ, ನಿಂತುಬಿಟ್ಟಿತು. ಹಬೆಯೊಳಗೆ ಶರ್ಲಿ ಕೀಲಿಯನ್ನು ತಿರುಗಿಸುವುದು, ತಿರುಗಿಸುವುದು ಕಾಣುತ್ತಿತ್ತು. ಗೆದ್ದವರು ಗೆದ್ದಾಗಿತ್ತು, ಇತರ ಕಾರುಗಳು ಅವಳನ್ನು ಬಳಸಿ ಒಂದೊಂದಾಗಿ ಗೆರೆ ದಾಟಿ ಹೋದವು. ಬಾವುಟದವನು ಕೈ ಕೆಳಗಿಳಿಸಲು ಅಣಿಯಾದ. ಗ್ರೇಸ್ ನನ್ನ ಕೈಯನ್ನು ಹಿಡಿದುಕೊಂಡಿದ್ದಳು.

ಆಗ ಟೈರ್ ಗೋಡೆಯಿಂದ ಬಿಡಿಸಿಕೊಂಡ ಗುಲಾಬಿ ಕಾರು, ಒಂದು ಚಕ್ರವನ್ನು ಕುಂಟಿಸುತ್ತ, ಎಲ್ಲರಿಗಿಂತ ಹಿಂದೆ, ಕೊನೆಯ ತಿರುವಿನಿಂದ ಬಂತು. ಬಳಸಿಕೊಂಡು ಹೋಗಲು ಅದಕ್ಕೆ ಬೇಕಾದಷ್ಟು ಜಾಗವಿತ್ತು. ಅದು ಬಳಸಲಿಲ್ಲ. ನೇರವಾಗಿ ಹದಿನೈದರ ಹಿಂದಕ್ಕೆ ಬಂದು ತಟ್ಟಿತು. ಟಪ್. ಆಮೇಲೆ ಬಿಡಲಿಲ್ಲ, ಹಾಗೇ ಮೂಗಿಟ್ಟು, ಎಂಜಿನ್ನನ್ನು ಅರಚಿಸುತ್ತ ತಳ್ಳತೊಡಗಿತು. ಎರಡು ಜಜ್ಜಿದ ಕಾರುಗಳು, ಒಂದು ಹಬೆಯುಗುಳುತ್ತ, ಇನ್ನೊಂದು ಕುಂಟುತ್ತ, ಒಟ್ಟಿಗೆ ತೆವಳಿ ಬಂದು ಗೆರೆ ದಾಟಿದವು. ಮೊದಲು ಹದಿನೈದು. ಅದರ ಬೆನ್ನಿಗಂಟಿ ಗುಲಾಬಿ.

ಗುದ್ದುವುದಕ್ಕೆ ಅನುಮತಿಯಿರುವ ಆಟದಲ್ಲಿ ತಳ್ಳುವುದಕ್ಕೆ ತಡೆಯಿರಲಿಲ್ಲ. ಕ್ಯೂಪರ್ಸ್ ಚೌಕುಳಿ ಬಾವುಟವನ್ನು ತಾವೇ ಕಸಿದುಕೊಂಡು ಬೀಸಿದರು.

ಶರ್ಲಿ ಕಿಟಕಿಯಿಂದ ಇಳಿದಳು. ಗುಲಾಬಿ ಕಾರಿನ ಕಿಟಕಿಗೆ ಹೋಗಿ ಏನನ್ನೋ ಹೇಳಿದಳು. ಇಬ್ಬರೂ ಹೆಲ್ಮೆಟ್ಟುಗಳನ್ನು ಒಂದಕ್ಕೊಂದು ತಾಗಿಸಿದರು. ನಮ್ಮ ಬಳಿ ಬಂದಾಗ ಅವಳ ಮುಖದ ಕೆಸರಿನಲ್ಲಿ ಎರಡು ತಿಳಿಯಾದ ಗೆರೆಗಳಿದ್ದವು.

"ಎದುರು ಹೋದೆ, ಅಮ್ಮ," ಎಂದಳು.

"ನೋಡಿದೆ," ಎಂದಳು ಗ್ರೇಸ್, ಸೆರಗಿನಿಂದ ಅವಳ ಮುಖ ಒರೆಸುತ್ತ. "ಕಿಟಕಿಯಿಂದ ಇಳಿದದ್ದೂ ನೋಡಿದೆ. ಪರವಾಗಿಲ್ಲ, ಚಂದ ಇಳೀತಿ."

* * *

ಹಲಗೆಯನ್ನು ಬಿಚ್ಚಿದ್ದು ಯಶವಂತ್. ಮೊಳೆ ಹೊಡೆದದ್ದು ಹೈಕೆ. ಎರಡನೆಯ ಸಾಲಿನ ತುದಿಯಲ್ಲಿ, ಜಜ್ಜಿದ ಒಂದು ಏಳರ ಪಕ್ಕದಲ್ಲಿ, ನಮ್ಮ ಊರಿನ ಬಸ್ಸಿನ ನಂಬರು ಸ್ವಲ್ಪ ಓರೆಯಾಗಿ ಕುಳಿತಿತು. ನೇರ ಮಾಡಲು ಕೈ ಎತ್ತಿದ ನನ್ನನ್ನು ಶರ್ಲಿ ತಡೆದಳು. "ಹಾಗೇ ಇರಲಿ ಪಪ್ಪ. ನಮ್ಮ ಬಸ್ಸು ಒಂದು ಬದಿಗೆ ವಾಲಿಕೊಂಡೇ ಹೋಗ್ತಿದ್ದದ್ದು." ಮಣ್ಣು ಒಣಗುತ್ತಿತ್ತು, ಹಂಚಿನ ವಾಸನೆ ಇನ್ನೂ ಗಾಳಿಯಲ್ಲಿತ್ತು, ಇಳಿಬಿಸಿಲು ಗೋಡೆಯ ಎಲ್ಲ ಸಂಖ್ಯೆಗಳನ್ನೂ ಒಂದೇ ಬಣ್ಣಕ್ಕೆ ತಂದಿತ್ತು.

ಹೈಕೆ ಡಬ್ಬಿಯನ್ನು ಹಿಂತಿರುಗಿಸಿದಳು. ಅದರ ತುಂಬ ಪ್ಲಮ್ ಹಣ್ಣಿನ ಕೇಕಿನ ತುಂಡುಗಳಿದ್ದವು. ಗ್ರೇಸ್ ಮುಚ್ಚಳ ತೆರೆದು ನೋಡಿ, ಅವಳ ಬಗ್ಗೆ ತಾನೆಂದೂ ಸಂದೇಹಪಟ್ಟಿರಲೇ ಇಲ್ಲವೆಂದು ಕನ್ನಡದಲ್ಲಿ ಘೋಷಿಸಿದಳು.

ಕಾರನ್ನು ಗುಜರಿಯವನಿಗೆ ಒಪ್ಪಿಸಿ ನಾವು ಖಾಲಿ ಟ್ರೇಲರಿನ ಕಡೆಗೆ ಹೊರಟಾಗ ಕ್ಯೂಪರ್ಸ್ ನಮ್ಮನ್ನು ಕೂಗಿ ಕರೆದರು. ಮೇಲ್ವಿಚಾರಕರ ಬಂಡಿಯ ಮುಂದೆ ನಿಂತಿದ್ದರು. ಬಂಡಿಯ ಮಾಡಿನ ಮೇಲೆ ಹಳೆಯ ಸೈರನ್ ಇರಲಿಲ್ಲ. ಅದರ ಜಾಗದಲ್ಲಿ ಎರಡು ಕೊಳವೆಗಳ ಗಾಳಿಹಾರ್ನ್ ಹೊಳೆಯುತ್ತಿತ್ತು. ಹಳೆಯದು ಕೆಲವೊಮ್ಮೆ ಯಾರಿಗೂ ಕೇಳಿಸುತ್ತಿರಲಿಲ್ಲವೆಂದೂ, ಇದಕ್ಕೆ ಎಲ್ಲರೂ ನಿಲ್ಲುತ್ತಾರೆಂಬುದು ನಿನ್ನೆಯೇ ಸಾಬೀತಾಗಿದೆಯೆಂದೂ ಯಶವಂತನ ಮೂಲಕ ಹೇಳಿದರು. ಕೊಟ್ಟು ಹೋಗುತ್ತೀರಾ ಎಂದು ಕೇಳಿದರು. ಆಮೇಲೆ ಗ್ರೇಸಳತ್ತ ತಿರುಗಿ, ಗುಂಡಿಯನ್ನು ತೋರಿಸಿ, ಪರೀಕ್ಷೆಗೆ ಒಮ್ಮೆ ಅವಳೇ ಒತ್ತಬೇಕೆಂದು ಕೈ ಚಾಚಿದರು.

ಗ್ರೇಸ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಒತ್ತಿದಳು.

ಜ್ಯೋತಿ ಸರ್ಕಲ್ಲಿನ ಎರಡು ಬಸ್ಸುಗಳು ಒಟ್ಟಿಗೆ ಐಫೆಲ್ ಬೆಟ್ಟಗಳಿಗೆ ಬಂದವು. ಮೆಕ್ಕೆಜೋಳದ ಹಕ್ಕಿಗಳು ಮತ್ತೆ ಎದ್ದವು. ಬಯಲಿನ ತುಂಬ ಎಲ್ಲವೂ ನಿಂತಿತು: ಟ್ರ್ಯಾಕ್ಟರು ನಿಂತಿತು, ಟ್ರೇಲರ್ ಎಳೆಯುತ್ತಿದ್ದವರು ನಿಂತರು, ಸಾಸೇಜನ್ನು ಬಾಯಿಯವರೆಗೆ ತಂದಿದ್ದ ದಪ್ಪ ಮನುಷ್ಯನೊಬ್ಬ ಬಾಯಿ ತೆರೆದುಕೊಂಡು ಹಾಗೇ ನಿಂತ. ಆ ಸ್ತಬ್ಧ ಬಯಲನ್ನು ಗ್ರೇಸ್ ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಈಗ ಹೋಗುವ," ಎಂದಳು. "ದಾರಿ ಖಾಲಿ ಉಂಟು."